ಮನೆಯಂಗಳದ ಮರವನ್ನು ತೆಗೆಸುವ ಮುನ್ನ

ಮನೆಯೆಂದ ಮೇಲೆ ಅಂಗಳ, ಅಂಗಳವೆಂದ ಮೇಲೆ ಒಂದೆರಡು ಮರಗಳು ಇರತಕ್ಕವೇ. ನೆಡುವಾಗ ನಮ್ಮ ಕಣ್ಣಿಗೆ ಬೀಳುವುದು ಗೇಣುದ್ದದ ಸಸಿ ಮಾತ್ರ. ಮೂವತ್ತು ನಲವತ್ತು ವರ್ಷಗಳ ತರುವಾಯ ಅದೇ ಸಸಿ ಮಾಳಿಗೆಯನ್ನು ಮೀರಿ ಬೆಳೆದು, ಬೀದಿಯ ವಿದ್ಯುತ್ ತಂತಿಯನ್ನು ಸೋಕಿ, ನೆರೆಮನೆಯ ಶೀಟಿನ ಮೇಲೆ ಕೊಂಬೆ ಚಾಚಿ ನಿಂತಾಗ ಗೃಹಸ್ಥನಿಗೆ ಚಿಂತೆ ಪ್ರಾರಂಭವಾಗುತ್ತದೆ. ಮದುವೆಯ ಮಾತುಕತೆ, ಮನೆ ಕಟ್ಟಿಸುವುದು, ಕೊಳವೆಬಾವಿ ಕೊರೆಸುವುದು ಮುಂತಾದ ಸಂಗತಿಗಳಲ್ಲಿ ಹತ್ತು ಜನರನ್ನು ವಿಚಾರಿಸುವ ನಾವು, ಮರ ತೆಗೆಸುವ ವಿಷಯದಲ್ಲಿ ಮಾತ್ರ ಕೊಡಲಿ ಹಿಡಿದು ಬಾಗಿಲಿಗೆ ಬಂದ ಮೊದಲನೆಯವನಿಗೇ ಕೆಲಸವನ್ನು ಒಪ್ಪಿಸಿಬಿಡುತ್ತೇವೆ. ಈ ತಪ್ಪನ್ನು ನಮ್ಮ ಮನೆಯಲ್ಲಿಯೇ ಒಮ್ಮೆ ಮಾಡಿದ್ದೇವೆ. ಎರಡನೆಯ ಸಲ ಮಾಡಲು ಹೊರಟು ಕೂದಲೆಳೆಯಷ್ಟರಲ್ಲಿ ತಪ್ಪಿಸಿಕೊಂಡಿದ್ದೇವೆ. ಆ ಎರಡು ಪ್ರಸಂಗಗಳನ್ನೂ ಓದುಗ ಬಂಧುಗಳ ಮುಂದಿಡುವುದು ಉಚಿತವೆಂದು ತೋರಿತು.

ನಮ್ಮ ಮನೆ ಇರುವುದು ಕೋಲಾರ ಚಿನ್ನದ ಗಣಿ ಪ್ರದೇಶದ ಊರಿಗಾಂನಲ್ಲಿ, ರೈಲು ನಿಲ್ದಾಣದಿಂದ ನಡಿಗೆಯ ದೂರದಲ್ಲಿ. 1894ರಲ್ಲಿ ತೆರೆದ ಬಂಗಾರಪೇಟೆ–ಮಾರಿಕುಪ್ಪಂ ರೈಲುಮಾರ್ಗ ಇಂದಿಗೂ ನಮ್ಮೂರಿನವರನ್ನು ಮುಂಜಾನೆಯೇ ಬೆಂಗಳೂರಿನ ಕೆಲಸಗಳಿಗೆ ಕರೆದೊಯ್ಯುತ್ತದೆ. ನಮ್ಮ ತಂದೆಯವರು ತುಮಕೂರಿನ ಕಡೆಯವರು. ಗಣಿಗಳು ಭಾರತ್ ಗೋಲ್ಡ್ ಮೈನ್ಸ್ ಎಂಬ ಹೆಸರಿನ ಸರ್ಕಾರಿ ಕಂಪನಿಯಾದದ್ದು 1972ರಲ್ಲಿ. ಅದರ ಮರುವರ್ಷ ಅವರು ಇಲ್ಲಿಗೆ ಬಂದು ಚಾಂಪಿಯನ್ ರೀಫ್ ಗಣಿಯಲ್ಲಿ ಒಳಗಣಿಯ ಮೇಲ್ವಿಚಾರಕರಾಗಿ ಸೇರಿದರು. 2001ರ ಫೆಬ್ರವರಿ 28ರಂದು ಗಣಿಗಳು ಮುಚ್ಚುವವರೆಗೂ ಅದೇ ಅವರ ಕಾಯಕವಾಗಿದ್ದಿತು. ಅವರು ಕೊಂಡ ನಿವೇಶನದಲ್ಲಿ ಆಗಲೇ ಒಂದು ಹುಣಸೆಯ ಮರವಿತ್ತು. ಬೇಸಿಗೆಯಲ್ಲಿ ಗಾಳಿ ಎದ್ದರೆ ಸೈನೈಡ್ ದಿಬ್ಬಗಳ ಬಿಳಿಯ ಧೂಳು ಒಲೆಯ ಮೇಲಿನ ಅನ್ನದವರೆಗೂ ಬರುತ್ತಿದ್ದ ಊರು ಇದು. ಆ ಧೂಳಿಗೆ ತಡೆಯಾಗಲೆಂದು, ಜೊತೆಗೆ ಕಂಪನಿಯ ಬಂಗಲೆಗಳ ತೋಟದ ಚೆಲುವಿಗೆ ಮನಸೋತು, 1979ರಲ್ಲಿ ಹುಣಸೆಯಿಂದ ಇಪ್ಪತ್ತಡಿ ದೂರದಲ್ಲಿ ಅವರು ಒಂದು ಗುಲ್‌ಮೊಹರ್ ಸಸಿಯನ್ನು ನೆಟ್ಟರು. ಮಕ್ಕಳು ಅದನ್ನು ಕತ್ತಿಕಾಯಿ ಮರವೆಂದು ಕರೆಯುತ್ತಿದ್ದೆವು. ಅದರ ಉದ್ದನೆಯ ಕಾಯಿಗಳಿಂದ ಯುದ್ಧವಾಡದ ಮಗು ಆ ಬೀದಿಯಲ್ಲಿ ಇರಲಿಲ್ಲ.

ಮೊದಲ ಪ್ರಸಂಗ 1996ರದು. ಹುಣಸೆಯ ಒಂದು ದಪ್ಪ ಕೊಂಬೆ ನೆರೆಮನೆಯ ಮೇಲೆ ಬಾಗಿದ್ದಿತು. ಅದನ್ನು ಕಡಿಯಲು ಪಕ್ಕದ ಲೈನಿನಿಂದ ಒಬ್ಬ ಯುವಕ ಬಂದನು. ವಯಸ್ಸು ಇಪ್ಪತ್ತೈದರ ಆಸುಪಾಸು, ಹೊಸದಾಗಿ ಮದುವೆಯಾಗಿದ್ದವನು. ಅವನು ಕೇಳಿದ್ದು ತನ್ನ ಕೂಲಿ 250 ರೂಪಾಯಿ, ಕೆಳಗೆ ನಿಂತು ಹಗ್ಗ ಹಿಡಿಯುವವನಿಗೆ 100 ರೂಪಾಯಿ. ಒಂದು ಕೊಂಬೆಗೆ ಇಬ್ಬರೇಕೆ ಎಂದು ನಾವು ವಾದಿಸಿದೆವು. ಹಗ್ಗ ನಾವೇ ಹಿಡಿಯುತ್ತೇವೆ ಎಂದೂ ಹೇಳಿದೆವು. ಅವನು ಸ್ವಲ್ಪ ಹೊತ್ತು ಮರವನ್ನು ನೋಡಿ, ಒಪ್ಪಿಕೊಂಡು ಬರಿಗಾಲಿನಲ್ಲಿ ಹತ್ತಿದನು. ಕೊಂಬೆ ಅರ್ಧ ಕಡಿದಿತ್ತೋ ಇಲ್ಲವೋ, ತನ್ನ ಭಾರಕ್ಕೆ ತಾನೇ ಸೀಳಿ, ತೊಗಟೆಯನ್ನು ಉದ್ದಕ್ಕೂ ಕಿತ್ತುಕೊಂಡು ತಿರುಗಿ ಹೊಡೆಯಿತು. ನಾವು ಹಿಡಿದಿದ್ದ ಹಗ್ಗ ಅಂಗೈ ಸುಟ್ಟು ಜಾರಿಹೋಯಿತು. ಇಪ್ಪತ್ತಡಿ ಎತ್ತರದಿಂದ ಬಿದ್ದ ಅವನ ಬೆನ್ನುಮೂಳೆಗೆ ಪೆಟ್ಟಾಯಿತು. ಜೀವ ಉಳಿಯಿತು, ಒಂದು ಕಾಲು ಮಾತ್ರ ಪೂರ್ತಿ ಸ್ವಾಧೀನಕ್ಕೆ ಬರಲಿಲ್ಲ. ಆಸ್ಪತ್ರೆಯ ಖರ್ಚನ್ನು ತಂದೆಯವರು ಕೊಟ್ಟರು, ಮೇಲೆ ಸ್ವಲ್ಪ ಹಣವನ್ನೂ ಕೊಟ್ಟರು. ಅವನ ಮನೆಯವರು ನಮ್ಮನ್ನು ಒಂದು ಮಾತೂ ಆಡಲಿಲ್ಲ. ಅವನು ಮತ್ತೆ ಮರ ಹತ್ತಲಿಲ್ಲ. ಕೆಲವು ವರ್ಷಗಳ ನಂತರ ಬೀದಿಯ ತಿರುವಿನಲ್ಲಿ ಗೂಡಂಗಡಿ ಇಟ್ಟುಕೊಂಡನು. ನಾವು ಅಂದು ಉಳಿಸಿದ್ದು ನೂರು ರೂಪಾಯಿ.

ಎರಡನೆಯ ಪ್ರಸಂಗ 2023ರದು. ಆ ವರ್ಷ ಏಪ್ರಿಲ್ ಕಡೆಯಲ್ಲಿ ಬಂದ ಗಾಳಿಮಳೆಗೆ ಬೀದಿಯಲ್ಲಿ ಎರಡು ಮರಗಳು ಉರುಳಿದವು. ನಮ್ಮ ಹುಣಸೆ ಮೊದಲಿನಿಂದಲೂ ನೆರೆಮನೆಯ ಕಡೆಗೆ ವಾಲಿಕೊಂಡೇ ಇರುವ ಮರ. ಆ ರಾತ್ರಿ ಅದರ ಸದ್ದು ಕೇಳುತ್ತ ಮನೆಯಲ್ಲಿ ಯಾರೂ ನಿದ್ದೆ ಮಾಡಲಿಲ್ಲ. ಬೆಳಿಗ್ಗೆ ನೆರೆಯವರು ಬಂದು ಸೌಜನ್ಯದಿಂದಲೇ ತಮ್ಮ ಆತಂಕವನ್ನು ತಿಳಿಸಿದರು. ಹುಣಸೆಯನ್ನು ತೆಗೆಸಿಬಿಡುವುದೆಂದು ನಿಶ್ಚಯಿಸಿದೆವು.

ಸುದ್ದಿ ತಿಳಿದು ಒಬ್ಬ ಗುತ್ತಿಗೆದಾರ ಬಂದನು. ಮರವನ್ನು ಒಂದು ಸುತ್ತು ನೋಡಿ, ಇದು ಈ ಮಳೆಗಾಲ ಕಳೆಯುವುದಿಲ್ಲ, ಬುಡ ಸಡಿಲವಾಗಿದೆ ಎಂದು ಹೆದರಿಸಿದನು. 4,000 ರೂಪಾಯಿ ಕೊಟ್ಟು ಮರವನ್ನು ತನಗೇ ಬಿಟ್ಟರೆ ಒಂದೇ ದಿನದಲ್ಲಿ ಅಂಗಳವನ್ನು ಚೊಕ್ಕಟ ಮಾಡಿಕೊಡುವುದಾಗಿ ಹೇಳಿದನು. ಅನುಮತಿಯ ಮಾತೆತ್ತಿದರೆ, ಭಾನುವಾರ ಕಡಿದರೆ ಯಾರು ಕೇಳುತ್ತಾರೆ ಎಂದನು. ಅಗ್ಗವಾಯಿತೆಂದು ನಾವು ಒಪ್ಪುವುದರಲ್ಲಿದ್ದೆವು. ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ನಮ್ಮ ತಾಯಿಯವರು ಬಾಗಿಲಿಗೆ ಬಂದು ಒಂದೇ ಪ್ರಶ್ನೆ ಕೇಳಿದರು: ಹತ್ತುವವನು ಯಾರು? ಅವನು ತನ್ನ ಜೊತೆಯಲ್ಲಿದ್ದ ಇಬ್ಬರು ಹುಡುಗರನ್ನು ತೋರಿಸಿದನು. ಚಿಕ್ಕವನಿಗೆ ಮೀಸೆಯೂ ಸರಿಯಾಗಿ ಮೂಡಿರಲಿಲ್ಲ. ಹಗ್ಗ ಎಲ್ಲಿ ಎಂದು ಕೇಳಿದ್ದಕ್ಕೆ, ಬಾವಿಯ ಹಗ್ಗ ನಿಮ್ಮಲ್ಲೇ ಇರಬೇಕಲ್ಲ ಎಂಬ ಉತ್ತರ ಬಂದಿತು. ತಾಯಿಯವರು ಮತ್ತೇನೂ ಹೇಳದೆ ಒಳಗೆ ಹೋದರು. ತಂದೆಯವರು ಗುತ್ತಿಗೆದಾರನಿಗೆ, ಯೋಚಿಸಿ ತಿಳಿಸುತ್ತೇವೆ ಎಂದು ಕೈಮುಗಿದರು.

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. ಹುಣಸೆಯ ಕಟ್ಟಿಗೆ ಗಟ್ಟಿ, ಭಾರ, ಬೆಲೆಯುಳ್ಳದ್ದು. ಹಿಂದೆ ಎಣ್ಣೆಯ ಗಾಣಕ್ಕೆ, ಗಾಡಿಯ ಗುಂಬಕ್ಕೆ, ಒನಕೆಗೆ ಅದನ್ನೇ ಹುಡುಕುತ್ತಿದ್ದರು. ಈಗಲೂ ಉರುವಲಾಗಿ ಅದಕ್ಕೆ ಬೇಡಿಕೆಯಿದೆ, ಇಟ್ಟಿಗೆ ಮತ್ತು ಹೆಂಚಿನ ಗೂಡುಗಳಿಗೆ ಹೆಸರಾದ ಮಾಲೂರು ನಮಗೆ ದೂರವೇನೂ ಅಲ್ಲ. ಕಟ್ಟಿಗೆಯನ್ನೇ ಕೂಲಿಯಾಗಿ ಪಡೆಯುವವನಿಗೆ ಪ್ರತಿಯೊಂದು ಹುಣಸೆಯೂ ಅಪಾಯಕಾರಿಯಾಗಿಯೇ ಕಾಣುವುದು ಸಹಜ. ಆದುದರಿಂದ ಮರ ಉಳಿಯಬೇಕೋ ಬೇಡವೋ ಎಂದು ತೀರ್ಮಾನಿಸುವವನು ಒಬ್ಬ, ಕಟ್ಟಿಗೆಯನ್ನು ಕೊಳ್ಳುವವನು ಇನ್ನೊಬ್ಬ ಆಗಿರತಕ್ಕದ್ದು. ಇದು ನಮಗೆ ಆಗ ಹೊಳೆದಿರಲಿಲ್ಲ.

ಬಂಗಾರಪೇಟೆಯ ಸಾಮಿಲ್ಲಿನಲ್ಲಿ ವಿಚಾರಿಸಿದಾಗ ಒಬ್ಬ ಮೇಸ್ತ್ರಿಯ ಹೆಸರು ದೊರೆಯಿತು. ಬೆಂಗಳೂರಿನ ಬಡಾವಣೆಗಳಲ್ಲಿ ಹಲವು ವರ್ಷ ಈ ಕೆಲಸವನ್ನೇ ಮಾಡಿ ಊರಿಗೆ ಮರಳಿದವರು. ತೆಲುಗು ಮನೆಮಾತು, ನಮ್ಮೊಡನೆ ಕನ್ನಡ, ಹುಡುಗರೊಡನೆ ತಮಿಳು. ಮರವನ್ನು ನೋಡಿ ಹೇಳುವುದಕ್ಕೆ 500 ರೂಪಾಯಿ, ಕೆಲಸ ಕೊಟ್ಟರೂ ಅಷ್ಟೆ, ಕೊಡದಿದ್ದರೂ ಅಷ್ಟೆ, ಕಟ್ಟಿಗೆ ತಮಗೆ ಬೇಡ ಎಂದು ದೂರವಾಣಿಯಲ್ಲಿಯೇ ತಿಳಿಸಿದರು. ನೋಡುವುದಕ್ಕೂ ಹಣವೇ ಎಂದು ನಾವು ಹುಬ್ಬೇರಿಸಿದ್ದುಂಟು. ಆ 500 ರೂಪಾಯಿ ನಾವು ಈ ಮನೆಗಾಗಿ ಮಾಡಿದ ಅತ್ಯಂತ ಸಾರ್ಥಕ ಖರ್ಚುಗಳಲ್ಲೊಂದೆಂದು ಈಗ ಹೇಳಬಲ್ಲೆವು.

ಅವರು ಮೊದಲು ಮರದ ಮೇಲ್ಭಾಗವನ್ನು ನೋಡಲಿಲ್ಲ, ಬುಡವನ್ನು ನೋಡಿದರು. ಹುಣಸೆ ವಾಲಿದ ದಿಕ್ಕಿಗೆ ಎದುರಾದ ಪಕ್ಕದಲ್ಲಿ ಕುಳಿತು, ನೆಲದಲ್ಲಿ ಹೊಸ ಬಿರುಕು ಬಿಟ್ಟಿದೆಯೇ, ಬೇರು ಮೇಲಕ್ಕೆದ್ದಿದೆಯೇ ಎಂದು ಮಣ್ಣನ್ನು ಕೈಯಿಂದ ಸವರಿ ಪರೀಕ್ಷಿಸಿದರು. ಎಳೆತನದಿಂದಲೇ ಬೆಳಕಿಗಾಗಿ ವಾಲಿ ಬೆಳೆದ ಮರ ಬೇರೆ, ನಿನ್ನೆ ಮೊನ್ನೆ ವಾಲಿದ ಮರ ಬೇರೆ ಎಂದರು. ವಾಲಿ ಬೆಳೆದ ಮರ ತನ್ನ ಬೇರನ್ನೂ ಕಾಂಡವನ್ನೂ ಆ ಭಾರಕ್ಕೆ ತಕ್ಕಂತೆ ದಪ್ಪಗೊಳಿಸಿಕೊಂಡಿರುತ್ತದೆ. ನೇರವಾಗಿದ್ದ ಮರ ಇದ್ದಕ್ಕಿದ್ದಂತೆ ವಾಲಿದರೆ ಮಾತ್ರ ಅದರ ಬೇರು ಸೋತಿದೆಯೆಂದು ತಿಳಿಯಬೇಕು. ಆಮೇಲೆ ಕೊಡಲಿಯನ್ನು ತಿರುಗಿಸಿ ಹಿಡಿದು, ಅದರ ಬೆನ್ನಿನಿಂದ ಕಾಂಡವನ್ನು ಸುತ್ತಲೂ ತಟ್ಟುತ್ತ ಸದ್ದಿಗೆ ಕಿವಿಗೊಟ್ಟರು. ಹುಣಸೆ ಕಲ್ಲಿನಂತೆ ಘನವಾಗಿ ಸದ್ದು ಮಾಡಿತು.

ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದ ತಂದೆಯವರು ಎದ್ದು ಬಂದರು. ಒಳಗಣಿಯಲ್ಲಿ ಪ್ರತಿ ಪಾಳಿಯ ಆರಂಭದಲ್ಲಿಯೂ ತಲೆಯ ಮೇಲಿನ ಬಂಡೆಯನ್ನು ಕಬ್ಬಿಣದ ಸಲಾಕೆಯಿಂದ ತಟ್ಟಿ ಸದ್ದು ಕೇಳಿದ ನಂತರವೇ ಕೆಲಸ ಹಿಡಿಯುವುದು ರೂಢಿ. ಗಟ್ಟಿ ಬಂಡೆ ಗಂಟೆಯಂತೆ ನುಡಿಯುತ್ತದೆ. ಒಳಗೆ ಬಿರುಕು ಬಿಟ್ಟು ಬೀಳಲು ಸಿದ್ಧವಾದದ್ದು ಡೊಳ್ಳಿನಂತೆ ಬೊಳ್ಳೆನ್ನುತ್ತದೆ. ಮೂರು ಸಾವಿರ ಮೀಟರಿಗೂ ಮಿಗಿಲಾದ ಆಳದ ಗಣಿಯ ಊರಿನವರಿಗೆ ಈ ವಿದ್ಯೆ ಹೊಸದಲ್ಲ. ಹಾಗಿದ್ದರೂ ಇಷ್ಟು ವರ್ಷ ತಮ್ಮ ಅಂಗಳದ ಮರವನ್ನು ಒಮ್ಮೆಯೂ ತಟ್ಟಿ ನೋಡಿರಲಿಲ್ಲವೆಂದು ತಂದೆಯವರು ನಕ್ಕರು. ಕೊಡಲಿಯನ್ನು ತಾವೇ ಇಸಿದುಕೊಂಡು, ಮಾತಿನ ಲಹರಿಯಲ್ಲಿ, ಇಪ್ಪತ್ತಡಿ ಆಚೆಗಿದ್ದ ಗುಲ್‌ಮೊಹರ್ ಮರಕ್ಕೂ ಒಂದು ಪೆಟ್ಟು ಕೊಟ್ಟರು. ಅದು ಬೊಳ್ಳೆಂದಿತು.

ಅಂದು ಆ ಮರ ತುಂಬ ಹೂ ಬಿಟ್ಟಿತ್ತು. ಬೀದಿಗೆಲ್ಲ ಕೆಂಪು ಚಪ್ಪರ ಹಾಸಿದಂತಿದ್ದ ಮರವನ್ನು ಅನುಮಾನಿಸುವವರು ಯಾರು? ಮೇಸ್ತ್ರಿ ಬುಡದಲ್ಲಿ ಬಿದ್ದಿದ್ದ ತರಗೆಲೆಯನ್ನು ಸರಿಸಿದರು. ಗೋಡೆಯ ಕಡೆಯ ಮಗ್ಗುಲಲ್ಲಿ, ನಮ್ಮ ಕಣ್ಣಿಗೆ ಬೀಳದ ಜಾಗದಲ್ಲಿ, ಕಂದು ಬಣ್ಣದ ಗಟ್ಟಿ ಅಣಬೆಗಳು ದೋಸೆಯ ಮೇಲೆ ದೋಸೆ ಇಟ್ಟಂತೆ ಬೆಳೆದಿದ್ದವು. ತೆಳ್ಳನೆಯ ಕಬ್ಬಿಣದ ಕಡ್ಡಿಯನ್ನು ಅಲ್ಲಿ ಚುಚ್ಚಿದರೆ ಒಂದು ಮೊಳ ತಡೆಯಿಲ್ಲದೆ ಒಳಹೋಯಿತು. ಕಾಂಡದ ತಿರುಳು ಹುಡಿಯಾಗಿತ್ತು. ಹೊರಗಿನ ಜೀವಂತ ಪದರ ನೀರನ್ನು ಮೇಲಕ್ಕೆ ಒಯ್ಯುತ್ತಿರುವವರೆಗೂ ಎಲೆ, ಹೂ, ಕಾಯಿ ಯಾವುದಕ್ಕೂ ಕೊರತೆ ಕಾಣುವುದಿಲ್ಲ; ಭಾರ ಹೊರುವ ತಿರುಳು ಮಾತ್ರ ಸದ್ದಿಲ್ಲದೆ ಕರಗುತ್ತಿರುತ್ತದೆ. ಮಡಗಾಸ್ಕರ್ ದ್ವೀಪದಿಂದ ಬಂದ ಈ ಗುಲ್‌ಮೊಹರಿಗೆ ಬೇರು ಮೇಲ್ಮಟ್ಟದಲ್ಲಿಯೇ ಹರಡುವ ಸ್ವಭಾವ, ಕಟ್ಟಿಗೆಯೂ ಪೆಡಸು. ಅದರ ನೆರಳು ಬೀಳುತ್ತಿದ್ದುದು ಗೇಟಿನ ಮೇಲೆ. ಶಾಲೆಯ ಮಕ್ಕಳು ಆಟೋ ಕಾಯುತ್ತ ನಿಲ್ಲುತ್ತಿದ್ದುದು ಅದೇ ನೆರಳಿನಲ್ಲಿ.

ಕಾಂಪೌಂಡ್ ಗೋಡೆಯ ಬಿರುಕಿನ ರಹಸ್ಯವೂ ಅಂದೇ ತಿಳಿಯಿತು. ಗಣಿಗಳು ನಡೆಯುತ್ತಿದ್ದ ಕಾಲದಲ್ಲಿ ಆಳದಲ್ಲಿ ಬಂಡೆ ಸಿಡಿದಾಗ ಮೇಲೆ ಮನೆಗಳು ನಡುಗುತ್ತಿದ್ದವು, ಪಾತ್ರೆಗಳು ಸ್ಟ್ಯಾಂಡಿನಿಂದ ಉರುಳುತ್ತಿದ್ದವು; ಅದನ್ನು ನಮ್ಮವರು ಏರ್‌ಬ್ಲಾಸ್ಟ್ ಎನ್ನುತ್ತಿದ್ದರು. ಗೋಡೆ ಎಲ್ಲಿ ಬಿರುಕು ಬಿಟ್ಟರೂ ಅದರ ತಲೆಗೆ ಕಟ್ಟುವುದು ಊರಿನ ಅಭ್ಯಾಸ. ನಮ್ಮ ಗೋಡೆಯನ್ನು ಸೀಳಿದ್ದು ಗುಲ್‌ಮೊಹರಿನ ಬೇರು.

ಹೀಗೆ, ತೆಗೆಸಬೇಕೆಂದಿದ್ದ ಮರ ಉಳಿಯಿತು; ಉಳಿಸಿಕೊಳ್ಳಬೇಕೆಂದಿದ್ದ ಮರವನ್ನು ತೆಗೆಸಬೇಕಾಯಿತು. ಹುಣಸೆಯ ಒಣಗಿದ ಕೊಂಬೆಗಳನ್ನೂ ನೆರೆಮನೆಯ ಮೇಲಿನ ಭಾರವನ್ನೂ ಇಳಿಸಿದರೆ ಸಾಕು, ಅದು ನಿಮ್ಮ ಮೊಮ್ಮಕ್ಕಳನ್ನೂ ನೋಡುತ್ತದೆ ಎಂದು ಮೇಸ್ತ್ರಿ ಹೇಳಿದರು. ಉತ್ಪ್ರೇಕ್ಷೆಯಲ್ಲ. ದೇವನಹಳ್ಳಿಯ ಬಳಿಯ ನಲ್ಲೂರಿನ ಹುಣಸೆ ತೋಪಿನಲ್ಲಿ ಶತಮಾನಗಳನ್ನು ಕಂಡ ಮರಗಳಿವೆ. 2007ರಲ್ಲಿ ಅದು ದೇಶದ ಮೊದಲ ಜೀವವೈವಿಧ್ಯ ಪಾರಂಪರಿಕ ತಾಣವೆಂಬ ಮನ್ನಣೆಯನ್ನು ಪಡೆಯಿತು.

ನಮ್ಮ ಅಂಗಳ, ನಮ್ಮ ಮರ, ಕಡಿಯಲು ಇನ್ನೊಬ್ಬರ ಅಪ್ಪಣೆಯೇಕೆ ಎಂಬ ಪ್ರಶ್ನೆ ಅನೇಕರಲ್ಲಿದೆ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಅಧಿನಿಯಮದಂತೆ, ಸ್ವಂತ ಜಾಗದಲ್ಲಿರುವ ಮರವನ್ನು ಕಡಿಯಲೂ ಅರಣ್ಯ ಇಲಾಖೆಯ ವೃಕ್ಷಾಧಿಕಾರಿಗಳ ಪೂರ್ವಾನುಮತಿ ಬೇಕು. ತೆಂಗು, ನೀಲಗಿರಿ, ಸರ್ವೆ, ಸಿಲ್ವರ್ ಓಕ್, ಸುಬಾಬುಲ್ ಮುಂತಾದ ಕೆಲವು ಜಾತಿಗಳಿಗೆ ವಿನಾಯಿತಿಯಿದೆ. ಈ ಪಟ್ಟಿಗೆ ಆಮೇಲೆ ಸೇರ್ಪಡೆಗಳೂ ಆಗಿರುವುದರಿಂದ ಕಚೇರಿಯಲ್ಲಿಯೇ ಕೇಳಿ ತಿಳಿಯುವುದು ಕ್ಷೇಮ. ಸತ್ತ ಮರ, ರೋಗ ಹಿಡಿದ ಮರ, ಗಾಳಿಗೆ ಉರುಳಿದ ಮರ, ಜೀವಕ್ಕೂ ಆಸ್ತಿಗೂ ಅಪಾಯವೊಡ್ಡುವ ಮರ ಇವುಗಳಿಗೆ ಅನುಮತಿಯನ್ನು ನಿರಾಕರಿಸಬಾರದೆಂದು ಆ ಕಾನೂನೇ ಹೇಳುತ್ತದೆ. ಆದಕಾರಣ ಭಾನುವಾರದ ಕಳ್ಳಗೆಲಸ ಅನಾವಶ್ಯಕ. ಕಡಿದುದಕ್ಕೆ ಪ್ರತಿಯಾಗಿ ಗಿಡ ನೆಡುವ ಹೊಣೆಯೂ ಅರ್ಜಿದಾರನದೇ. ಶ್ರೀಗಂಧದ ಮಾತು ಬೇರೆ: 2001ರ ತಿದ್ದುಪಡಿಯಿಂದ ಅದು ಭೂಮಾಲೀಕನ ಸ್ವತ್ತಾಗಿದ್ದರೂ, ಅರಣ್ಯ ಇಲಾಖೆಗೆ ತಿಳಿಸದೆ ಅದನ್ನು ಮುಟ್ಟುವುದು ಅಪರಾಧ. ಗಣಿ ಕಂಪನಿಯ ಹಳೆಯ ವಸತಿಗಳಲ್ಲಿ ಇರುವ ಬಂಧುಗಳು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ವಾಸ ನಮ್ಮದಾದ ಮಾತ್ರಕ್ಕೆ ಮರ ನಮ್ಮದಾಗುವುದಿಲ್ಲ. ಭೂಮಿ ಯಾರ ಹೆಸರಿನಲ್ಲಿದೆಯೋ ಅವರ ಒಪ್ಪಿಗೆಯ ಪತ್ರ ಮೊದಲು ಕೈಯಲ್ಲಿರಬೇಕು.

ನಾವು ಅರ್ಜಿಯೊಡನೆ ಮನೆಯ ಕಂದಾಯದ ರಸೀದಿ, ಅಣಬೆ ಕಾಣುವ ಎರಡು ಛಾಯಾಚಿತ್ರಗಳು, ಅಂಗಳದ ಒಂದು ಕೈನಕ್ಷೆ ಇವಿಷ್ಟನ್ನು ಲಗತ್ತಿಸಿದ್ದೆವು. ಸಿಬ್ಬಂದಿ ಬಂದು ಸುತ್ತಳತೆ ತೆಗೆದುಕೊಂಡು, ಅದೇ ಕಡ್ಡಿಯ ಪರೀಕ್ಷೆಯನ್ನು ಮಾಡಿ ಹೋದರು. ಜೂನ್ ತಿಂಗಳಿನಲ್ಲಿ ಅನುಮತಿಪತ್ರ ಬಂದಿತು.

ಈಗ ಕೂಲಿಯ ವಿಚಾರ. ಮೇಸ್ತ್ರಿ ಹೇಳಿದ್ದು 18,000 ರೂಪಾಯಿ: ತಾವು, ಹತ್ತುವವರಿಬ್ಬರು, ಕೆಳಗೆ ಹಗ್ಗಕ್ಕೆ ಇಬ್ಬರು, ಎರಡು ದಿನದ ಕೆಲಸ, ಬಾಡಿಗೆಯ ಗೂಡ್ಸ್ ಆಟೋ. 4,000ಕ್ಕೂ 18,000ಕ್ಕೂ ಇರುವ ಅಂತರ ಸಣ್ಣದಲ್ಲ. ಪಿಂಚಣಿಯಿಲ್ಲದ ನಿವೃತ್ತನ ಮನೆಗೆ ಅದು ಭಾರವೇ. ತಂದೆಯವರು ಕಾಗದದ ಮೇಲೆ ಲೆಕ್ಕ ಬರೆಸಿ ನೋಡಿದರು, ಒಂದು ಸಾಲನ್ನೂ ಹೊಡೆಯಲಿಲ್ಲ. ಕಟ್ಟಿಗೆಯ ಭಾರ ಮರಗಳ ಬಗ್ಗೆ ತಿಳಿಯದವರ ಅಂದಾಜಿಗೆ ಸಿಗುವಂಥದಲ್ಲ. ಎರಡಡಿ ಅಡ್ಡಗಲದ ಹಸಿ ಹುಣಸೆಯ ದಿಮ್ಮಿ ಬರಿಯ ಮೂರಡಿ ಉದ್ದವಿದ್ದರೂ ಕಾಲು ಟನ್ನನ್ನು ಮೀರುತ್ತದೆ. 1996ರಲ್ಲಿ ನಾವು ಬರಿಗೈಯಲ್ಲಿ ಹಿಡಿಯಲು ಹೊರಟಿದ್ದುದು ಅಂತಹ ಭಾರವನ್ನು.

ಮೋಳಿಗೆಯ ಮಾರಯ್ಯನವರು ಕಟ್ಟಿಗೆ ಹೊತ್ತು ಮಾರಿ ದಾಸೋಹ ನಡೆಸಿದ ಕಥೆಯನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಹೇಳುತ್ತೇವೆ. ಕಾಯಕದ ಹಿರಿಮೆಯನ್ನು ಕೊಂಡಾಡುವ ನಾವು, ನಮ್ಮ ಅಂಗಳಕ್ಕೆ ಬಂದ ಕಾಯಕದವನೊಡನೆ ನೂರು ರೂಪಾಯಿಗೆ ಜಗ್ಗಾಡುವುದನ್ನು ಆ ಕಥೆಯ ಪಕ್ಕದಲ್ಲಿ ಇಟ್ಟು ನೋಡಿದ್ದೇವೆಯೇ? ನಾವಂತೂ ನೋಡಿರಲಿಲ್ಲ.

ಮೇಸ್ತ್ರಿಯ ಹುಡುಗರಿಗೆ ಅಪಘಾತ ವಿಮೆ ಇದೆಯೇ ಎಂದು ತಂದೆಯವರು ವಿಚಾರಿಸಿದರು. ಮೂವರಿಗೆ ಇತ್ತು, ಒಬ್ಬನಿಗೆ ಇರಲಿಲ್ಲ. 2015ರಲ್ಲಿ ಪ್ರಾರಂಭವಾದ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಯೋಜನೆಯಲ್ಲಿ, ಬ್ಯಾಂಕ್ ಖಾತೆಯಿರುವ 18ರಿಂದ 70 ವರ್ಷದವರು ವರ್ಷಕ್ಕೆ 20 ರೂಪಾಯಿ ಕಟ್ಟಿದರೆ, ಅಪಘಾತದಿಂದ ಮರಣ ಅಥವಾ ಶಾಶ್ವತವಾದ ಪೂರ್ಣ ಅಂಗವೈಕಲ್ಯ ಉಂಟಾದಲ್ಲಿ 2 ಲಕ್ಷ ರೂಪಾಯಿ, ಶಾಶ್ವತ ಭಾಗಶಃ ಅಂಗವೈಕಲ್ಯಕ್ಕೆ 1 ಲಕ್ಷ ರೂಪಾಯಿ ದೊರೆಯುತ್ತದೆ. ಆ ಹುಡುಗನನ್ನು ತಂದೆಯವರೇ ಬ್ಯಾಂಕಿಗೆ ಕರೆದೊಯ್ದು ಫಾರಂ ತುಂಬಿಸಿದರು. 20 ರೂಪಾಯಿಯ ಈ ಕೆಲಸಕ್ಕೆ ಹೋಗಿಬಂದ ಆಟೋ ಖರ್ಚೇ ಹೆಚ್ಚಾಯಿತೆಂದು ಮನೆಯಲ್ಲಿ ತಮಾಷೆ ಮಾಡಿದೆವು.

ವಿದ್ಯುತ್ತಿನ ವಿಷಯದಲ್ಲಿ ಮಾತ್ರ ತಮಾಷೆ ಸಲ್ಲದು. ಹಸಿ ಕೊಂಬೆಯಲ್ಲಿ ವಿದ್ಯುತ್ ಹರಿಯುತ್ತದೆ. ತಂತಿಗೆ ತಗಲಿದ ಕೊಂಬೆಯನ್ನು ಹಿಡಿದವನು ತಂತಿಯನ್ನೇ ಹಿಡಿದಂತೆ. ಮನೆಯ ಮೇನ್ ಸ್ವಿಚ್ ಇಳಿಸಿದರೆ ಕಂಬದಿಂದ ಮನೆಗೆ ಬರುವ ತಂತಿ ಸತ್ತುಹೋಗುವುದಿಲ್ಲ. ಬೆಸ್ಕಾಂ ಉಪವಿಭಾಗಕ್ಕೆ ಮುಂಚಿತವಾಗಿ ಬರೆದುಕೊಟ್ಟು, ಲೈನ್‌ಮನ್ ಬಂದು ಸಂಪರ್ಕ ತಪ್ಪಿಸಿದ ನಂತರವೇ ಕೆಲಸ ಹಿಡಿಯಬೇಕು. ಕಂಬ ಹತ್ತಿ ಫ್ಯೂಸ್ ಕೀಳುತ್ತೇನೆ ಎನ್ನುವ ಕೂಲಿಯವನನ್ನು ಅಲ್ಲಿಂದಲೇ ಹಿಂದಕ್ಕೆ ಕಳುಹಿಸುವುದು ಲೇಸು.

ಜುಲೈನ ಒಂದು ಒಣ ದಿನ, ಗಾಳಿ ಏಳುವ ಮುನ್ನ, ಬೆಳಿಗ್ಗೆ ಏಳು ಗಂಟೆಗೆ ಕೆಲಸ ಆರಂಭವಾಯಿತು. ಮಕ್ಕಳನ್ನು ಅಜ್ಜಿಯೊಡನೆ ಹಿಂಬಾಗಿಲಿನ ಕಡೆಗೆ ಕಳುಹಿಸಿದೆವು. ಬೀದಿಗೆ ಎರಡೂ ಕಡೆ ಹಗ್ಗ ಕಟ್ಟಿದರು. ಟೊಳ್ಳು ಮರಕ್ಕೆ ಹತ್ತುವವನನ್ನು ಕಟ್ಟುವಂತಿಲ್ಲ. ಮರ ಹೋದರೆ ಅವನೂ ಹೋಗುತ್ತಾನೆ. ಹಾಗಾದರೆ ಹೇಗೆ ಎಂದು ನಾವು ಯೋಚಿಸುತ್ತಿರುವಾಗಲೇ ಮೇಸ್ತ್ರಿ ಹುಣಸೆಯ ಕಡೆ ನಡೆದರು. ಅದರ ಮೇಲ್ಗಡೆಯ ದಪ್ಪ ಕವಲಿಗೆ ಹಗ್ಗ ಎಸೆದು, ಜಗ್ಗಿ ನೋಡಿ, ಹುಡುಗನ ಸೊಂಟದ ಪಟ್ಟಿಗೆ ಆ ಹಗ್ಗವನ್ನು ಬಿಗಿದರು. ನಾವು ಕಡಿಸಲು ಹೊರಟಿದ್ದ ಹುಣಸೆಗೆ ನೇತುಕೊಂಡು ಆ ಹುಡುಗ ಎರಡು ದಿನ ಗುಲ್‌ಮೊಹರನ್ನು ಇಳಿಸಿದನು.

ಮರವನ್ನು ಬುಡದಿಂದ ಕಡಿದು ಉರುಳಿಸುವುದು ಬಯಲಿನಲ್ಲಿ ಸರಿ, ಮನೆಗಳ ನಡುವೆ ಅಲ್ಲ. ಇಲ್ಲಿ ತುದಿಯಿಂದ ಕೆಳಕ್ಕೆ ತುಂಡು ತುಂಡಾಗಿ ಇಳಿಸಬೇಕು. ಪ್ರತಿ ಕೊಂಬೆಯನ್ನೂ ಕಡಿಯುವ ಮುನ್ನ ಅದಕ್ಕೊಂದು ಹಗ್ಗ; ಆ ಹಗ್ಗ ಮೇಲಿನ ಕವಲನ್ನು ಬಳಸಿ ಬಂದು, ಹುಣಸೆಯ ಬುಡಕ್ಕೆ ಮೂರು ಸುತ್ತು ಸುತ್ತಿಕೊಂಡು, ಆಮೇಲೆ ಕೆಳಗಿನವನ ಕೈಗೆ. ಮೂರು ಸುತ್ತಿನ ಬಿಗಿಯಲ್ಲಿ ಒಬ್ಬನೇ ಆಳು ಎಂಥ ಕೊಂಬೆಯನ್ನಾದರೂ ತೊಟ್ಟಿಲಿನಂತೆ ಇಳಿಸಬಲ್ಲ. ನಮ್ಮ ಅಂಗೈ ಸುಡಲು ಕಾರಣವೇನೆಂಬುದು ಅಂದು ತಿಳಿಯಿತು. ಗರಗಸವನ್ನು ಮೊದಲು ಕೊಂಬೆಯ ಕೆಳಗಿನಿಂದ ಸ್ವಲ್ಪ ಹಾಯಿಸಿ, ಆಮೇಲೆ ಅದಕ್ಕಿಂತ ಗೇಣು ಹೊರಗೆ ಮೇಲಿನಿಂದ ಕೊಯ್ಯುತ್ತಿದ್ದರು. ಹೀಗೆ ಮಾಡಿದರೆ ಕೊಂಬೆ ಸೀಳುವುದಿಲ್ಲ, ತೊಗಟೆ ಕಿತ್ತುಬರುವುದಿಲ್ಲ. ಇಷ್ಟು ಸಣ್ಣ ವಿದ್ಯೆ ಅಂದು ನಮಗೂ ಗೊತ್ತಿದ್ದರೆ ಎಂದು ತಂದೆಯವರು ಎರಡು ಬಾರಿ ಹೇಳಿದರು. ಮೋಟಾರ್ ಗರಗಸವನ್ನು ನೆಲದ ಮೇಲೆ ಮಾತ್ರ ಬಳಸಿದರು, ಮೇಲೆ ಕೈಗರಗಸವೇ. ತಲೆಗೆ ಹೆಲ್ಮೆಟ್, ಕಣ್ಣಿಗೆ ಕನ್ನಡಕ. ಮಧ್ಯಾಹ್ನ ಗಾಳಿ ಎದ್ದಿತೆಂದು ಮೂರು ಗಂಟೆಗೇ ಕೆಲಸ ನಿಲ್ಲಿಸಿದರು. ಎರಡು ದಿನವೂ ಅವರೆಲ್ಲರ ಊಟ ನಮ್ಮಲ್ಲಿಯೇ.

ಬುಡವನ್ನು ಅಗೆದು ತೆಗೆಯುವುದು ಬೇಡವೆಂದು ಮೇಸ್ತ್ರಿಯೇ ಹೇಳಿದರು. ಬೇರು ಗೋಡೆಯ ತಳಪಾಯದ ಕೆಳಗೆ ಹೋಗಿತ್ತು; ಕಿತ್ತರೆ ಗೋಡೆಯೂ ಬರುತ್ತಿತ್ತು. ನೆಲಮಟ್ಟಕ್ಕಿಂತ ಅರ್ಧ ಅಡಿ ಕೆಳಗೆ ಕೊಯ್ದು ಮಣ್ಣು ಮುಚ್ಚಿದರು.

ಎರಡನೆಯ ದಿನ ಸಾಯಂಕಾಲ, ಗೂಡಂಗಡಿಯ ಆ ಹಳೆಯ ಗೆಳೆಯ ಕಾಲೆಳೆಯುತ್ತ ಬಂದು ಗೇಟಿನ ಹೊರಗೆ ನಿಂತಿದ್ದರು. ಈಗ ಅವರಿಗೆ ಐವತ್ತು ದಾಟಿದೆ. ಏಕವಚನದಲ್ಲಿ ಕರೆಯಲು ನಾಲಗೆ ಬಾರದು. ಉರುವಲಿಗೆ ಕೊಂಬೆಗಳನ್ನು ಒಯ್ಯಲು ಬಂದಿರಬಹುದೆಂದು ತಿಳಿದು ಒಳಗೆ ಕರೆದೆವು. ಅವರು ಕೊಂಬೆಗಳನ್ನು ನೋಡಲಿಲ್ಲ. ಹುಡುಗ ಬಿಚ್ಚಿಟ್ಟಿದ್ದ ಸೊಂಟದ ಪಟ್ಟಿಯನ್ನೂ ಹಗ್ಗವನ್ನೂ ಕೈಗೆತ್ತಿಕೊಂಡು, ಹೊಲಿಗೆಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು. ಇದಕ್ಕೆ ಎಷ್ಟಾಗುತ್ತದೆ ಎಂದು ಮೇಸ್ತ್ರಿಯನ್ನು ಕೇಳಿದರು. ಪಟ್ಟಿ, ಹಗ್ಗ, ಕೊಂಡಿ ಎಲ್ಲ ಸೇರಿ 6,000 ಎಂದು ಮೇಸ್ತ್ರಿ ಹೇಳಿದರು. ಸರಿ ಎನ್ನುವಂತೆ ತಲೆಯಾಡಿಸಿ, ಅದನ್ನು ಇದ್ದ ಜಾಗದಲ್ಲಿಯೇ ಮಡಿಸಿಟ್ಟು, ತಾಯಿಯವರು ಕೊಟ್ಟ ಕಾಫಿ ಕುಡಿದು ಹೋದರು. ತಂದೆಯವರು ಅವರೊಡನೆ ತಿರುವಿನವರೆಗೂ ನಡೆದು ಹೋಗಿ, ಕತ್ತಲಾದ ಮೇಲೆ ಮನೆಗೆ ಬಂದರು.

ಅನುಮತಿಪತ್ರದ ಷರತ್ತಿನಂತೆ ಗಿಡ ನೆಡಬೇಕಿತ್ತು. ತಾಯಿಯವರಿಗೆ ಬಿಲ್ವವೇ ಆಗಬೇಕು. ಪೂಜೆಗೆ ಪತ್ರೆ ಮನೆಯಲ್ಲಿಯೇ ದೊರೆಯುವುದಲ್ಲದೆ, ಅದು ಅತಿಯಾಗಿ ಎತ್ತರಕ್ಕೆ ಹೋಗದ, ನಿಧಾನವಾಗಿ ಬೆಳೆಯುವ ಮರ. ಗೋಡೆಯಿಂದ ಹದಿನೈದು ಅಡಿ ಬಿಟ್ಟು, ತಲೆಯ ಮೇಲೆ ತಂತಿಯಿಲ್ಲದ ಜಾಗದಲ್ಲಿ ಆ ಮಳೆಗಾಲದಲ್ಲಿಯೇ ನೆಟ್ಟೆವು. ಹುಣಸೆ ಹಗುರಾಗಿ ನಿಂತಿದೆ. ನೆರೆಮನೆಯವರು ಶೀಟಿನ ಮೇಲೆ ಈಗ ಹಪ್ಪಳ ಒಣಗಿಸುತ್ತಾರೆ. ಫೆಬ್ರವರಿ–ಮಾರ್ಚ್ ತಿಂಗಳಿನಲ್ಲಿ ಹಣ್ಣು ಬಡಿಸಿದಾಗ ನೆರೆಯವರಿಗೊಂದು ಪಾಲು, ಗೂಡಂಗಡಿಯ ಮನೆಗೊಂದು ಪಾಲು ಹೋಗುತ್ತದೆ. ಬಡಿಯಲು ಬರುವವನು ಅದೇ ಮೇಸ್ತ್ರಿಯ ಹುಡುಗ, ಹಗ್ಗ ಹಿಡಿಯಲು ಜೊತೆಗೊಬ್ಬನನ್ನು ಕರೆದುಕೊಂಡೇ ಬರುತ್ತಾನೆ.